ರಿಪೇರಿಗೆ ಹೊರದೇಶಕ್ಕೆ ಹೋದ ಆಂಪ್ಲಿಫೈಯರ್: ವಾಪಸ್ ಬರುವಾಗ ಡ್ಯೂಟಿ ಯಾಕೆ, ತಡ ಯಾಕೆ?

ಆಂಪ್ಲಿಫೈಯರ್ ನಿಮ್ಮದೇ. ಕೊಳ್ಳುವಾಗಲೇ ಡ್ಯೂಟಿ, ತೆರಿಗೆ ಎಲ್ಲ ಕಟ್ಟಿ ಆಗಿದೆ. ಕೆಟ್ಟುಹೋಯಿತು, ಇಲ್ಲಿ ಯಾರ ಕೈಲೂ ಸರಿಯಾಗಲಿಲ್ಲ. ಇಂಗ್ಲೆಂಡಿನಲ್ಲಿರುವ ತಯಾರಕರಿಗೇ ಕಳಿಸಿದಿರಿ. ಅವರು ಸರಿಮಾಡಿ ವಾಪಸ್ ಕಳಿಸಿದರು. ಪೆಟ್ಟಿಗೆ ಬೆಂಗಳೂರಿಗೆ ಬಂದಿಳಿದ ಮೇಲೆ ಕೊರಿಯರ್‌ನವರ ಫೋನು: ‘ಸರ್, ಎಂಬತ್ತೆಂಟು ಸಾವಿರ ಡ್ಯೂಟಿ ಬಂದಿದೆ, ಕಟ್ಟಿದರೆ ರಿಲೀಸ್ ಮಾಡ್ತೀವಿ.’ ನನ್ನ ವಸ್ತು ನನ್ನ ಮನೆಗೆ ಬರೋದಕ್ಕೆ ಡ್ಯೂಟಿ ಯಾಕೆ ಅನ್ನೋ ಪ್ರಶ್ನೆ ಆಗ ಏಳುತ್ತದೆ. ಅಷ್ಟರಲ್ಲಿ ಮಾಡಬೇಕಾದ ಕೆಲಸದ ಸಮಯ ಮೀರಿರುತ್ತದೆ.

ಈ ಪ್ರಶ್ನೆ ಈಗ ಜಾಸ್ತಿ ಜನಕ್ಕೆ ಬರುತ್ತಿದೆ. ಒಳ್ಳೆ ಟರ್ನ್‌ಟೇಬಲ್, ಗಾಜಿನ ವಾಲ್ವ್ ಇರುವ ಹಳೇ ಬಗೆಯ ಆಂಪ್ಲಿಫೈಯರ್, ದುಬಾರಿ ಹೆಡ್‌ಫೋನ್, ಸ್ಟುಡಿಯೋ ಮೈಕ್ ಇಟ್ಟುಕೊಂಡವರು ಈಗ ದೊಡ್ಡ ಶ್ರೀಮಂತರು ಮಾತ್ರ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಕೈಚಳಕದ ಮೆಕ್ಯಾನಿಕ್‌ಗಳಿಗೇನೂ ಬರವಿಲ್ಲ. ಸುಟ್ಟ ಕೆಪಾಸಿಟರ್, ಟ್ರಾನ್ಸಿಸ್ಟರ್ ಆದರೆ ಅಲ್ಲೇ ಮುಗಿಯುತ್ತದೆ. ಆದರೆ ಸರ್ಕ್ಯೂಟ್ ನಕ್ಷೆಯನ್ನು ಕಂಪನಿ ಹೊರಗೆ ಬಿಡದಿದ್ದರೆ, ಬಿಡಿಭಾಗ ಅವರಲ್ಲೇ ಸಿಗುವಂಥದ್ದಾಗಿದ್ದರೆ, ಅಥವಾ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ನ (ಟರ್ನ್‌ಟೇಬಲ್ ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಪುಟ್ಟ ಭಾಗ) ಸೂಜಿ ಕಟ್ಟುವಂಥ ಸೂಕ್ಷ್ಮ ಕೆಲಸವಾಗಿದ್ದರೆ ಪೆಟ್ಟಿಗೆ ವಿಮಾನ ಹತ್ತಲೇಬೇಕು.

ಗಡಿ ದಾಟಿದರೆ ಹಳೇ ವಸ್ತುವೂ ಹೊಸ ಸರಕೇ

ಮೂಲ ನಿಯಮ ಇರುವುದು 1962ರ ಕಸ್ಟಮ್ಸ್ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ. ದೇಶದಿಂದ ಹೊರಗೆ ಹೋದ ವಸ್ತು ಮತ್ತೆ ಒಳಗೆ ಬಂದರೆ, ಅದೇ ಬಗೆಯ ವಸ್ತು ಮೊದಲ ಸಲ ಆಮದಾದಾಗ ಎಷ್ಟು ಡ್ಯೂಟಿಯೋ ಅಷ್ಟೇ ಇದಕ್ಕೂ ಬೀಳುತ್ತದೆ ಎನ್ನುತ್ತದೆ ಅದು. ಹಿಂದೆ ಡ್ಯೂಟಿ ಕಟ್ಟಿದ್ದೀರೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಸ್ತು ಭಾರತದಲ್ಲೇ ತಯಾರಾದದ್ದಾದರೂ ಅಷ್ಟೇ.

ದಸರಾ ವಸ್ತುಪ್ರದರ್ಶನದಂಥ ಜಾಗದಲ್ಲಿ ಟಿಕೆಟ್ ಕೊಂಡು ಒಳಗೆ ಹೋದವರು ಮಧ್ಯೆ ಹೊರಗೆ ಬಂದರು ಅಂದುಕೊಳ್ಳಿ. ಗೇಟಿನಲ್ಲಿ ಕೈಗೆ ಸೀಲ್ ಹಾಕಿಸಿಕೊಂಡಿದ್ದರೆ ಮತ್ತೆ ಒಳಗೆ ಬಿಡುತ್ತಾರೆ. ಇಲ್ಲದಿದ್ದರೆ ‘ನಾನು ಆಗಲೇ ಟಿಕೆಟ್ ತಗೊಂಡಿದ್ದೆ’ ಅಂತ ಎಷ್ಟು ಹೇಳಿದರೂ ಮತ್ತೊಂದು ಟಿಕೆಟ್ಟೇ ಗತಿ. ಕಸ್ಟಮ್ಸ್‌ನಲ್ಲೂ ಅಂಥ ಸೀಲ್ ಇದೆ. ಅದನ್ನು ಹೊರಗೆ ಹೋಗುವಾಗಲೇ ಹಾಕಿಸಿಕೊಳ್ಳಬೇಕು.

ರಿಯಾಯಿತಿ ಏನು ಹೇಳುತ್ತದೆ?

ರಿಪೇರಿಗೆ ಹೋಗಿ ಬಂದ ವಸ್ತುಗಳಿಗೆಂದೇ ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಇದೆ. ನಂಬರ್ 45/2017-ಕಸ್ಟಮ್ಸ್, ತಾರೀಕು 2017ರ ಜೂನ್ 30. ಜಿಎಸ್‌ಟಿ ಜಾರಿಗೆ ಬರುವ ಹಿಂದಿನ ದಿನ ಹೊರಬಿದ್ದದ್ದು. ಈ ನಂಬರನ್ನು ಬರೆದಿಟ್ಟುಕೊಳ್ಳಿ. ಕೊರಿಯರ್‌ನವರ ಜೊತೆ ಮಾತಾಡುವಾಗ ‘ರಿಪೇರಿಗೆ ಹೋಗಿತ್ತು ಕಣ್ರೀ’ ಅನ್ನುವುದಕ್ಕಿಂತ ಈ ನಂಬರ್ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಇದರ ಪ್ರಕಾರ ಡ್ಯೂಟಿ ಬೀಳುವುದು ವಸ್ತುವಿನ ಪೂರ್ತಿ ಬೆಲೆಯ ಮೇಲಲ್ಲ. ರಿಪೇರಿಯ ನ್ಯಾಯವಾದ ಖರ್ಚು, ಅದಕ್ಕೆ ಬಳಸಿದ ಬಿಡಿಭಾಗಗಳ ಬೆಲೆ, ಹೋಗುವ ಮತ್ತು ಬರುವ ಎರಡೂ ಕಡೆಯ ಸಾಗಣೆ ಹಾಗೂ ವಿಮೆ ಇಷ್ಟನ್ನು ಕೂಡಿಸಿ, ಆ ಮೊತ್ತದ ಮೇಲೆ ಮಾತ್ರ. ನೀವು ಕಳಿಸುವಾಗ ಕೊಟ್ಟ ಕೊರಿಯರ್ ಚಾರ್ಜಿನ ಮೇಲೂ ಡ್ಯೂಟಿ ಬೀಳುತ್ತದೆ ಅನ್ನುವುದನ್ನು ಗಮನಿಸಿ. ಆ ರಸೀದಿಯನ್ನು ಎಸೆಯಬೇಡಿ.

ಷರತ್ತು ಮುಖ್ಯವಾಗಿ ಮೂರು. ಹೋದ ವಸ್ತು, ಬಂದ ವಸ್ತು ಎರಡೂ ಒಂದೇ ಆಗಿರಬೇಕು. ಮಧ್ಯೆ ಮಾಲೀಕತ್ವ ಬದಲಾಗಿರಬಾರದು. ಮೂರು ವರ್ಷದೊಳಗೆ, ವಾರಂಟಿಯಡಿ ಹೋದದ್ದಾದರೆ ಐದು ವರ್ಷದೊಳಗೆ ವಾಪಸ್ ಬರಬೇಕು. ಕಸ್ಟಮ್ಸ್ ಕಮಿಷನರ್ ಒಪ್ಪಿದರೆ ಇನ್ನೆರಡು ವರ್ಷದವರೆಗೆ. ಕೊನೆಯದು ಯಾರಿಗೂ ಕಷ್ಟವಾಗುವುದಿಲ್ಲ. ಕೈಕೊಡುವುದು ಯಾವಾಗಲೂ ಮೊದಲನೆಯದೇ.

‘ವಾರಂಟಿ ಇದೆ, ರಿಪೇರಿ ಫ್ರೀ, ಹಾಗಾಗಿ ಡ್ಯೂಟಿ ಇಲ್ಲ’ ಎಂದು ಅಂದುಕೊಳ್ಳುವವರು ಬಹಳ. ಖರ್ಚು ನಿಜವಾಗಿ ಆಗಿರಲಿ ಬಿಡಲಿ, ಆ ರಿಪೇರಿಗೆ ನ್ಯಾಯವಾಗಿ ಎಷ್ಟಾಗುತ್ತಿತ್ತೋ ಅಷ್ಟನ್ನು ಹಿಡಿಯಬೇಕು ಅನ್ನುತ್ತದೆ ಅಧಿಸೂಚನೆ. ಕಂಪನಿಯವರು ಬಿಲ್ಲಿನಲ್ಲಿ ‘ಸೊನ್ನೆ’ ಎಂದು ಬರೆದು ಕಳಿಸಿದರೆ ಅಧಿಕಾರಿ ಅದನ್ನು ಒಪ್ಪಬೇಕಾಗಿಲ್ಲ. ‘ವಾರಂಟಿಯಡಿ ಉಚಿತ, ಸಾಮಾನ್ಯ ದರದಲ್ಲಿ ಇಷ್ಟಾಗುತ್ತಿತ್ತು’ ಎಂದು ಅವರಿಂದಲೇ ಒಂದು ಅಂಕಿ ಬರೆಸಿಕೊಳ್ಳುವುದು ಒಳ್ಳೆಯದು. ಅಂಕಿ ಇಲ್ಲದಿದ್ದರೆ ಅಧಿಕಾರಿಯೇ ಒಂದನ್ನು ಹಾಕಬೇಕಾಗುತ್ತದೆ.

ವಾರಂಟಿಯಲ್ಲಿ ಇನ್ನೊಂದು ಪೇಚು ಇದೆ. ಇಯರ್‌ಫೋನ್, ಹೆಡ್‌ಫೋನ್ ಕಂಪನಿಗಳು ಎಷ್ಟೋ ಸಲ ರಿಪೇರಿ ಮಾಡುವುದೇ ಇಲ್ಲ, ಹೊಸದೊಂದನ್ನು ಕಳಿಸಿಬಿಡುತ್ತವೆ. ಕೇಳೋಕೆ ಖುಷಿ. ಆದರೆ ಸೀರಿಯಲ್ ನಂಬರ್ ಬೇರೆ, ಅಂದರೆ ವಸ್ತುವೇ ಬೇರೆ. ರಿಪೇರಿ ರಿಯಾಯಿತಿ ಅಲ್ಲಿಗೆ ಮುಗಿಯಿತು, ಪೂರ್ತಿ ಬೆಲೆಗೆ ಡ್ಯೂಟಿ. ಕಳಿಸುವ ಮುಂಚೆಯೇ ‘ಇದನ್ನೇ ರಿಪೇರಿ ಮಾಡುತ್ತೀರಾ, ಬದಲಿ ಕೊಡುತ್ತೀರಾ?’ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಹೊರಕವಚ ಬದಲಾಯಿಸಿ, ಅದರ ಜೊತೆ ನಂಬರ್ ಪ್ಲೇಟೂ ಬದಲಾದರೆ ಹಳೇ ನಂಬರ್, ಹೊಸ ನಂಬರ್ ಎರಡೂ ಇರುವ ಪತ್ರ ಬೇಕು.

ಒಂದು ಲೆಕ್ಕ ಹಾಕಿ ನೋಡೋಣ

ಆಂಪ್ಲಿಫೈಯರ್ ಬೆಲೆ 2,00,000 ರೂಪಾಯಿ. ರಿಪೇರಿಗೆ 25,000. ಎರಡೂ ಕಡೆಯ ಸಾಗಣೆ 22,000, ವಿಮೆ 3,000. ಮೂಲ ಕಸ್ಟಮ್ಸ್ ಡ್ಯೂಟಿ ವಸ್ತುವಿನಿಂದ ವಸ್ತುವಿಗೆ, ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ; ಲೆಕ್ಕಕ್ಕೆ ಶೇಕಡ 20 ಎಂದಿಟ್ಟುಕೊಳ್ಳೋಣ. ಆ ಡ್ಯೂಟಿಯ ಮೇಲೆ ಶೇಕಡ 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಬೆಲೆ, ಡ್ಯೂಟಿ, ಸರ್‌ಚಾರ್ಜ್ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಶೇಕಡ 18 ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ, ಹೌದು.

ರಿಯಾಯಿತಿ ಸಿಕ್ಕರೆ ಲೆಕ್ಕ ಶುರುವಾಗುವುದು 50,000ದಿಂದ. ಡ್ಯೂಟಿ 10,000, ಸರ್‌ಚಾರ್ಜ್ 1,000, ಐಜಿಎಸ್‌ಟಿ 10,980. ಒಟ್ಟು 21,980 ರೂಪಾಯಿ.

ಸಿಗದಿದ್ದರೆ 2,00,000ದಿಂದ. ಒಳಬರುವ ಸಾಗಣೆಯನ್ನು ಸದ್ಯಕ್ಕೆ ಬಿಟ್ಟರೂ ಡ್ಯೂಟಿ 40,000, ಸರ್‌ಚಾರ್ಜ್ 4,000, ಐಜಿಎಸ್‌ಟಿ 43,920. ಒಟ್ಟು 87,920 ರೂಪಾಯಿ.

ವ್ಯತ್ಯಾಸ 65,940. ಒಂದು ಕಾಗದ ಇದ್ದದ್ದಕ್ಕೆ, ಇಲ್ಲದ್ದಕ್ಕೆ.

ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋ ಅಥವಾ ಸೌಂಡ್ ಸಿಸ್ಟಂ ಬಾಡಿಗೆಯವರು ಐಜಿಎಸ್‌ಟಿಯಷ್ಟನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು ಹೊಂದಿಸಿಕೊಳ್ಳಬಹುದು. ಮನೆಯಲ್ಲಿ ಹಾಡು ಕೇಳುವವರಿಗೆ ಆ ದಾರಿ ಇಲ್ಲ. ಈ ಐಜಿಎಸ್‌ಟಿ ಬಗ್ಗೆ ದೊಡ್ಡ ಜಗಳವೇ ನಡೆದಿದೆ, ಆದರೆ ಆಡಿಯೋಗಾಗಿ ಅಲ್ಲ, ವಿಮಾನದ ಎಂಜಿನ್‌ಗಳಿಗಾಗಿ. ರಿಪೇರಿ ಸೇವೆಗೆ ಆಗಲೇ ಜಿಎಸ್‌ಟಿ ಕಟ್ಟಿದ ಮೇಲೆ ವಾಪಸ್ ಬರುವಾಗ ಮತ್ತೆ ಯಾಕೆ ಎಂದು ಇಂಡಿಗೋ ನಡೆಸುವ ಇಂಟರ್‌ಗ್ಲೋಬ್ ಏವಿಯೇಷನ್ ಕೋರ್ಟಿಗೆ ಹೋಗಿತ್ತು. 2021ರ ಜುಲೈನಲ್ಲಿ ಸರ್ಕಾರ ಅಧಿಸೂಚನೆಯನ್ನೇ ತಿದ್ದಿ ಐಜಿಎಸ್‌ಟಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. 2025ರಲ್ಲಿ ದೆಹಲಿ ಹೈಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಆದರೆ ಆ ವಾದ ನಿಂತಿರುವುದು ಸೇವೆಯ ಮೇಲೆ ಒಮ್ಮೆ ತೆರಿಗೆ ಕಟ್ಟಿದವರ ವಿಷಯದಲ್ಲಿ. ಮನೆ ಬಳಕೆಯ ಸೆಟ್ ಕಳಿಸುವವರು ಐಜಿಎಸ್‌ಟಿ ಇದೆ ಎಂದೇ ಲೆಕ್ಕ ಹಾಕಿಕೊಳ್ಳಬೇಕು.

ಕಳಿಸುವ ದಿನ ಆಗಬೇಕಾದ ಕೆಲಸ

ಗೇಟಿನ ಸೀಲ್ ಎಂದು ಮೊದಲು ಹೇಳಿದೆವಲ್ಲ, ಕಸ್ಟಮ್ಸ್‌ನಲ್ಲಿ ಆ ಸೀಲ್ ಅಂದರೆ ಶಿಪ್ಪಿಂಗ್ ಬಿಲ್. ದೇಶದಿಂದ ಏನು ಹೊರಗೆ ಹೋಯಿತು ಎಂದು ಕಸ್ಟಮ್ಸ್‌ನಲ್ಲಿ ದಾಖಲಾಗುವ ಕಾಗದ ಇದು. ಕೊರಿಯರ್ ಕಚೇರಿಗೆ ಹೋಗಿ ‘ಇದನ್ನು ಲಂಡನ್‌ಗೆ ಕಳಿಸಬೇಕು’ ಅಂದರೆ ಕೌಂಟರ್‌ನಲ್ಲಿರುವ ಹುಡುಗ ಸುಲಭದ ದಾರಿ ಹಿಡಿಯುತ್ತಾನೆ: ಗಿಫ್ಟ್ ಅಂತಲೋ ಸ್ಯಾಂಪಲ್ ಅಂತಲೋ ಟೈಪ್ ಮಾಡುತ್ತಾನೆ. ಪೆಟ್ಟಿಗೆ ಅವತ್ತೇ ಹೊರಡುತ್ತದೆ. ಆದರೆ ಗಿಫ್ಟ್ ಕೊಟ್ಟ ವಸ್ತು ವಾಪಸ್ ಬರುವುದು ಹೇಗೆ? ಮಾಲೀಕತ್ವ ಬದಲಾಯಿತು ಎಂದು ನೀವೇ ಬರೆದುಕೊಟ್ಟ ಹಾಗಾಯಿತು ಅಲ್ವಾ.

ದಾಖಲೆಯಲ್ಲಿ ಇರಬೇಕಾದ್ದು ಹೀಗೆ: ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಬಳಸಿದ ವಸ್ತು, ‘ರಿಪೇರಿಗಾಗಿ ರಫ್ತು, ರಿಪೇರಿ ಆದ ಮೇಲೆ ವಾಪಸ್ ಬರುತ್ತದೆ’ ಎಂಬ ಸಾಲು, ಮತ್ತು ‘ಈ ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ, ಮಾರಾಟವಲ್ಲ’ ಎಂಬ ಟಿಪ್ಪಣಿ. ಸೀರಿಯಲ್ ನಂಬರ್ ಇನ್‌ವಾಯ್ಸ್‌ನಲ್ಲಿ ಮಾತ್ರ ಇದ್ದರೆ ಸಾಲದು, ಶಿಪ್ಪಿಂಗ್ ಬಿಲ್‌ನಲ್ಲೂ ಬರಬೇಕು. ದುಬಾರಿ ವಸ್ತುವಾದರೆ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಮೂಲಕ ಹೋಗಿ, ಅಧಿಕಾರಿ ಪೆಟ್ಟಿಗೆ ತೆಗೆದು ನಂಬರ್ ತಾಳೆ ನೋಡಿದ್ದನ್ನೂ ದಾಖಲಿಸುವಂತೆ ಕೇಳಿ. ಏಜೆಂಟಿನ ಫೀಸು ಕೊಡಬೇಕಾಗುತ್ತದೆ. ಮೇಲಿನ ಲೆಕ್ಕ ನೋಡಿದರೆ ಆ ಫೀಸು ದಂಡ ಅನ್ನಿಸುವುದಿಲ್ಲ.

ಸ್ವಂತ ಬಳಕೆಯ ವಸ್ತುವಿಗೆ ಆಮದು-ರಫ್ತು ಕೋಡ್, ಅಂದರೆ ಐಇಸಿ ಬೇಕಾಗಿಲ್ಲ. ವ್ಯಾಪಾರಕ್ಕಲ್ಲದ ಸ್ವಂತ ವಸ್ತುಗಳಿಗೆ ವಿನಾಯಿತಿ ಇದೆ. ಆದರೂ ಕೊರಿಯರ್ ಕಂಪನಿಗಳು ಕೇಳುವುದುಂಟು. ಆಧಾರ್, ಪ್ಯಾನ್ ಸಿದ್ಧವಿಟ್ಟುಕೊಂಡು ವಿನಾಯಿತಿಯ ಮಾತು ಎತ್ತಿ.

ಮೊದಲು ಕೊಂಡಾಗಿನ ಬಿಲ್, ತಯಾರಕರ ಜೊತೆಗಿನ ಇಮೇಲ್, ಅವರು ಕೊಟ್ಟ ರಿಪೇರಿ ನಂಬರ್, ನಂಬರ್ ಪ್ಲೇಟಿನ ಹತ್ತಿರದ ಫೋಟೋ ಎಲ್ಲವನ್ನೂ ಒಂದೇ ಫೈಲ್‌ನಲ್ಲಿ ಇಡಿ. ಕಾರ್ಟ್ರಿಜ್ ಅಥವಾ ಬರಿಯ ಸರ್ಕ್ಯೂಟ್ ಬೋರ್ಡ್ ಕಳಿಸುವವರಿಗೆ ಇದು ಇನ್ನೂ ಮುಖ್ಯ. ಬೋರ್ಡ್ ಮಾತ್ರ ಕಳಿಸಿದರೆ ಸಾಗಣೆ ಖರ್ಚು ಬಹಳ ಇಳಿಯುತ್ತದೆ, ನಿಜ. ಆದರೆ ಅದರ ಮೇಲೆ ಗುರುತಿನ ನಂಬರ್ ಇಲ್ಲದಿದ್ದರೆ ‘ಹೋದದ್ದೇ ಬಂದಿದೆ’ ಎಂದು ತೋರಿಸುವುದು ಕಷ್ಟ. ಅಳಿಸದ ಇಂಕಿನಲ್ಲಿ ಒಂದು ಗುರುತು ಹಾಕಿ, ಫೋಟೋ ತೆಗೆದು, ಅದೇ ಗುರುತನ್ನು ದಾಖಲೆಯಲ್ಲೂ ಬರೆಸಿ.

ಬೆಲೆ ಕಮ್ಮಿ ತೋರಿಸುವ ಸಲಹೆ ಎಲ್ಲರೂ ಕೊಡುತ್ತಾರೆ. ‘ಐವತ್ತು ಡಾಲರ್ ಅಂತ ಬರೀರಿ, ಸುಮ್ನೆ ಹೋಗುತ್ತೆ.’ ಹೋಗಲೂಬಹುದು. ದಾರಿಯಲ್ಲಿ ಪೆಟ್ಟಿಗೆ ಒಡೆದರೆ ವಿಮೆಯೂ ಐವತ್ತೇ ಡಾಲರ್ ಕೊಡುತ್ತದೆ. ಸುಳ್ಳು ಬೆಲೆ ಸಿಕ್ಕಿಬಿದ್ದರೆ ಕಸ್ಟಮ್ಸ್ ಕಾಯ್ದೆಯ 113ನೇ ಸೆಕ್ಷನ್ ಪ್ರಕಾರ ವಸ್ತು ಜಪ್ತಿಯಾಗಬಹುದು, ಮೇಲೆ ದಂಡ. ಡ್ಯೂಟಿ ಬೀಳುವುದೇ ರಿಪೇರಿ ಖರ್ಚಿನ ಮೇಲೆ ಆದಾಗ ಬೆಲೆ ಮುಚ್ಚಿಡುವುದರಿಂದ ಲಾಭವೂ ಇಲ್ಲ.

ಆ ಕಡೆಯ ದೇಶದ ಕಸ್ಟಮ್ಸ್

ನಮ್ಮ ಕಡೆಯದ್ದೇ ಯೋಚಿಸುತ್ತಾ ಅಲ್ಲೂ ಒಂದು ಗೇಟಿದೆ ಎನ್ನುವುದನ್ನು ಮರೆಯುತ್ತೇವೆ. ನಿಮ್ಮ ಪೆಟ್ಟಿಗೆ ಅಲ್ಲಿಗೆ ಆಮದು. ಬ್ರಿಟನ್‌ನಲ್ಲಿ ವ್ಯಾಟ್ ಶೇಕಡ 20, ಜರ್ಮನಿಯಲ್ಲಿ 19, ಜಪಾನಿನಲ್ಲಿ ಬಳಕೆ ತೆರಿಗೆ 10. ರಿಪೇರಿ ಮಾಡಿ ವಾಪಸ್ ಕಳಿಸುವ ವಸ್ತುವಿಗೆ ಇದು ಬೀಳದಂತೆ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ‘ಇನ್‌ವರ್ಡ್ ಪ್ರೊಸೆಸಿಂಗ್’ ಎಂಬ ವ್ಯವಸ್ಥೆ ಇದೆ. ಅದರ ಅನುಮತಿ ಇರಬೇಕಾದ್ದು ರಿಪೇರಿ ಮಾಡುವವರ ಬಳಿ. ದೊಡ್ಡ ತಯಾರಕರು ಇಟ್ಟುಕೊಂಡಿರುತ್ತಾರೆ. ಒಂಟಿಯಾಗಿ ಕೆಲಸ ಮಾಡುವ ಹಿರಿಯ ಕುಶಲಕರ್ಮಿಯ ಬಳಿ ಇಲ್ಲದೆ ಇರಬಹುದು. ಕೇಳದೆ ಕಳಿಸಿದರೆ ಅವರ ಬಾಗಿಲಿಗೆ ತೆರಿಗೆಯ ಬಿಲ್ ಹೋಗುತ್ತದೆ. ಅವರು ಪಾರ್ಸೆಲ್ ಬೇಡವೆನ್ನುತ್ತಾರೆ, ಪೆಟ್ಟಿಗೆ ಗೋದಾಮಿನಲ್ಲಿ ಕೂರುತ್ತದೆ.

ಅಮೆರಿಕದ ಕತೆ 2025ರಲ್ಲಿ ಬದಲಾಯಿತು. ಅಲ್ಲಿಯವರೆಗೆ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. ಆಗಸ್ಟ್ 29ರಿಂದ ಆ ಸೌಲಭ್ಯ ಎಲ್ಲ ದೇಶಗಳಿಗೂ ನಿಂತಿತು. ಹೊಸ ಸುಂಕ ಯಾರು ವಸೂಲಿ ಮಾಡಬೇಕು ಎನ್ನುವುದೇ ಗೊತ್ತಾಗದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಸಣ್ಣ ಇಯರ್‌ಫೋನ್ ಕಳಿಸುವವರಿಗೂ ಈಗ ಅಲ್ಲಿನ ಕಸ್ಟಮ್ಸ್ ಲೆಕ್ಕ ಬೇಕಾಗಿದೆ.

ಅಲ್ಲಿ ಎರಡು ದಾರಿ ನೆನಪಿಡಬೇಕು. ವಸ್ತು ಅಮೆರಿಕದಲ್ಲೇ ತಯಾರಾದದ್ದಾದರೆ ‘ಅಮೆರಿಕನ್ ಗೂಡ್ಸ್ ರಿಟರ್ನ್ಡ್’ ಎಂಬ ತಲೆಬರಹದಡಿ ಸುಂಕವಿಲ್ಲದೆ ಒಳಗೆ ಬಿಡುತ್ತಾರೆ. ತಯಾರಾದ ದೇಶ ಯಾವುದು ಎಂದು ಇನ್‌ವಾಯ್ಸ್‌ನಲ್ಲಿ ಬರೆಯಲೇಬೇಕು. ಬೇರೆ ದೇಶದ್ದಾದರೆ ಬಾಂಡ್, ಅಂದರೆ ವಾಪಸ್ ಕಳಿಸುತ್ತೇವೆ ಎಂಬ ಖಾತರಿ ಪತ್ರ ಕೊಟ್ಟು ತಾತ್ಕಾಲಿಕ ಆಮದು ಮಾಡಿಸಬಹುದು, ಒಂದು ವರ್ಷದ ಅವಧಿ, ಹೆಚ್ಚೆಂದರೆ ಮೂರು ವರ್ಷ. ಸಣ್ಣ ವಸ್ತುವಿಗೆ ಬಾಂಡಿನ ಖರ್ಚೇ ಸುಂಕಕ್ಕಿಂತ ಜಾಸ್ತಿಯಾದೀತು.

ಎಟಿಎ ಕಾರ್ನೆ ಎಂಬ ಹೆಸರನ್ನು ಸಂಗೀತಗಾರರು ಕೇಳಿರುತ್ತಾರೆ. ಕಛೇರಿಗೆ, ಪ್ರದರ್ಶನಕ್ಕೆ ವಾದ್ಯ, ಉಪಕರಣ ಒಯ್ದು ತರಲು ಫಿಕ್ಕಿ ಎಂಬ ವಾಣಿಜ್ಯ ಒಕ್ಕೂಟ ಕೊಡುವ ಪತ್ರ ಅದು. ರಿಪೇರಿಗೆ ಅದು ನಡೆಯುವುದಿಲ್ಲ.

ವಿಮಾನ ಹತ್ತದ ವಸ್ತುಗಳು

ತಡಕ್ಕೆ ಕಾರಣ ಎಲ್ಲ ಸಲವೂ ಡ್ಯೂಟಿ ಅಲ್ಲ. ಪೋರ್ಟಬಲ್ ಪ್ಲೇಯರ್, ವೈರ್‌ಲೆಸ್ ಹೆಡ್‌ಫೋನ್, ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಉಪಕರಣದೊಳಗೆ ಇರುವ ಒಳ್ಳೆ ಸ್ಥಿತಿಯ ಬ್ಯಾಟರಿಯನ್ನು ಸರಿಯಾದ ಗುರುತುಪಟ್ಟಿ ಹಚ್ಚಿ ಕಳಿಸಬಹುದು. ಉಬ್ಬಿದ, ಹಾಳಾದ ಬ್ಯಾಟರಿ ವಿಮಾನದಲ್ಲಿ ನಿಷಿದ್ಧ. ಬ್ಯಾಟರಿ ಕೆಟ್ಟಿದೆ ಎಂದೇ ರಿಪೇರಿಗೆ ಕಳಿಸಲು ಹೊರಟವರಿಗೆ ಇದು ಗೋಡೆ. ಇಲ್ಲೇ ಬ್ಯಾಟರಿ ತೆಗೆಸಿ ಉಳಿದದ್ದನ್ನು ಕಳಿಸಬೇಕು. ದೊಡ್ಡ ಸ್ಪೀಕರ್‌ಗಳ ಆಯಸ್ಕಾಂತವನ್ನೂ ವಿಮಾನದವರು ಅಳೆಯುತ್ತಾರೆ. ಮರದ ಕ್ರೇಟ್‌ನಲ್ಲಿ ಕಳಿಸುವುದಾದರೆ ಹುಳು ಬಾರದಂತೆ ಬಿಸಿ ಹಾಯಿಸಿದ ಮರವೆಂಬ ಐಎಸ್‌ಪಿಎಂ 15 ಮುದ್ರೆ ಬೇಕು; ಇಲ್ಲದಿದ್ದರೆ ಕ್ರೇಟ್ ಗಡಿಯಲ್ಲೇ ನಿಲ್ಲುತ್ತದೆ.

ಟರ್ನ್‌ಟೇಬಲ್ ಆದರೆ ಕಾರ್ಟ್ರಿಜ್, ಕೌಂಟರ್‌ವೇಟ್, ಪ್ಲ್ಯಾಟರ್ ಬಿಚ್ಚಿ ಬೇರೆ ಬೇರೆ ಸುತ್ತಿ. ತೋಳನ್ನು ಕಟ್ಟಿಹಾಕಿ. ವಾಲ್ವ್‌ಗಳನ್ನು ತೆಗೆದು ಯಾವುದು ಎಲ್ಲಿ ಕೂರುತ್ತದೆ ಎಂದು ನಂಬರ್ ಹಾಕಿ. ಬಿಡಿಯಾಗಿ ಇಟ್ಟದ್ದೆಲ್ಲ ಪ್ಯಾಕಿಂಗ್ ಪಟ್ಟಿಯಲ್ಲಿ ಬರಲಿ. ವಾಪಸ್ ಬರುವಾಗ ಪಟ್ಟಿಯಲ್ಲಿಲ್ಲದ ವಾಲ್ವ್ ಕಂಡರೆ ಅದು ಹೊಸ ಸರಕಾಗುತ್ತದೆ.

ವಾಪಸ್ ಬರುವಾಗ ಎಲ್ಲಿ ನಿಲ್ಲುತ್ತದೆ?

ಬೆಂಗಳೂರಿಗೆ ಬರುವ ಪೆಟ್ಟಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುತ್ತದೆ. ಕೊರಿಯರ್ ಕಂಪನಿಗೆ ದಿನಕ್ಕೆ ನೂರಾರು ಪಾರ್ಸೆಲ್. ಯಾರೂ ಏನೂ ಹೇಳದಿದ್ದರೆ ಅವರು ನಿಮ್ಮದನ್ನೂ ಮಾಮೂಲಿ ಆಮದು ಎಂದೇ ಫೈಲ್ ಮಾಡಿ, ಡ್ಯೂಟಿ ತಾವೇ ಕಟ್ಟಿ, ಅದರ ಮೇಲೆ ತಮ್ಮ ಸೇವಾ ಶುಲ್ಕ ಸೇರಿಸಿ ನಿಮಗೆ ಫೋನ್ ಮಾಡುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಅವರಿಗೆ ವೇಗ ಮುಖ್ಯ. ಹಾಗಾಗಿ ಪೆಟ್ಟಿಗೆ ರಿಪೇರಿಯವರ ಕಡೆಯಿಂದ ಹೊರಡುವ ಮೊದಲೇ ಶಿಪ್ಪಿಂಗ್ ಬಿಲ್, ಏರ್‌ವೇ ಬಿಲ್ (ವಿಮಾನ ಸಾಗಣೆಯ ರಸೀದಿ), ರಿಪೇರಿ ಬಿಲ್ ಎಲ್ಲ ಇಮೇಲ್ ಮಾಡಿ, ‘45/2017ರ ರಿಯಾಯಿತಿ ಕೇಳಬೇಕು, ನನಗೆ ಹೇಳದೆ ಫೈಲ್ ಮಾಡಬೇಡಿ’ ಎಂದು ಬರೆಯಿರಿ. ಎಷ್ಟೋ ಸಲ ಅವರು ಇದನ್ನು ಕೊರಿಯರ್ ದಾರಿಯಿಂದ ತೆಗೆದು ಪೂರ್ಣ ಬಿಲ್ ಆಫ್ ಎಂಟ್ರಿಯ (ಆಮದನ್ನು ಕಸ್ಟಮ್ಸ್‌ಗೆ ಘೋಷಿಸುವ ಕಾಗದ) ದಾರಿಗೆ ಹಾಕುತ್ತಾರೆ. ಅದು ನಿಧಾನ. ಅಧಿಕಾರಿ ಪೆಟ್ಟಿಗೆ ತೆರೆಸಿ ನಂಬರ್ ತಾಳೆ ನೋಡುತ್ತಾರೆ, ರಿಪೇರಿಯ ಮೊತ್ತ ನ್ಯಾಯವಾಗಿದೆಯೇ ಎಂದು ಕೇಳುತ್ತಾರೆ. ಬ್ಲೂಟೂತ್, ವೈಫೈ ಇದ್ದರೆ ವೈರ್‌ಲೆಸ್ ಉಪಕರಣದ ಅನುಮತಿ ಪತ್ರ, ಕೆಲವು ಉಪಕರಣಗಳಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿಯ ಬಗ್ಗೆಯೂ ಪ್ರಶ್ನೆ ಬರಬಹುದು.

ರಿಪೇರಿಯವರಿಂದ ಬರುವ ಇನ್‌ವಾಯ್ಸ್‌ನಲ್ಲಿ ಎರಡು ಅಂಕಿ ಬೇರೆ ಬೇರೆಯಾಗಿ ಇರಬೇಕು: ವಸ್ತುವಿನ ಬೆಲೆ, ರಿಪೇರಿ ಖರ್ಚು. ಒಂದೇ ಅಂಕಿ ಇದ್ದರೆ ಪ್ರಶ್ನೆ ಖಂಡಿತ. ಒಂದೊಂದು ಪ್ರಶ್ನೆಗೂ ನೀವು ಇಂಗ್ಲೆಂಡಿಗೆ ಇಮೇಲ್ ಮಾಡಿ, ಅವರು ಉತ್ತರಿಸಿ, ಏಜೆಂಟ್ ಅದನ್ನು ಹಾಕುವಷ್ಟರಲ್ಲಿ ದಿನಗಳು ಹೋಗುತ್ತವೆ. ಉಚಿತ ಅವಧಿ ಮುಗಿದ ಮೇಲೆ ಗೋದಾಮಿನ ಬಾಡಿಗೆ, ಅಂದರೆ ಡೆಮರೇಜ್ ಓಡುತ್ತಲೇ ಇರುತ್ತದೆ. 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸ್ ಕೊಟ್ಟು, ಕಸ್ಟಮ್ಸ್ ಒಪ್ಪಿಗೆ ಪಡೆದು ಮಾರಿಬಿಡಲು ಕಾಯ್ದೆಯ 48ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಸುಮ್ಮನೆ ಕೂತರೆ ಆಗದು.

ಸೂಟ್‌ಕೇಸ್‌ನಲ್ಲಿ ಒಯ್ದರೆ?

ಮಗಳು ಜರ್ಮನಿಯಲ್ಲಿದ್ದಾಳೆ, ಭಾವ ಡಲ್ಲಾಸ್‌ನಲ್ಲಿದ್ದಾನೆ, ಹೋಗುವಾಗ ಒಯ್ದರಾಯಿತು ಎನ್ನುವವರು ಬಹಳ. ಸಣ್ಣ ವಸ್ತುವಿಗೆ ಇದು ಒಳ್ಳೆ ದಾರಿಯೇ. ಆದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರ್‌ನಲ್ಲಿ ವಸ್ತು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬ್ಯಾಗ್ ಚೆಕ್-ಇನ್ ಆದ ಮೇಲೆ ತೋರಿಸಲು ವಸ್ತುವೇ ಕೈಲಿರುವುದಿಲ್ಲ, ಹಾಗಾಗಿ ಅದಕ್ಕೆ ಮುಂಚೆ. ಒಯ್ದವರು ಒಬ್ಬರು, ತಂದವರು ಇನ್ನೊಬ್ಬರು ಆದರೆ ಮತ್ತೆ ಪ್ರಶ್ನೆ ಏಳುತ್ತದೆ.

ಪೂರ್ತಿ ಬೆಲೆಗೆ ಡ್ಯೂಟಿ ಕಟ್ಟಿ ಆಗಿದ್ದರೆ

ಕಟ್ಟಿದ್ದು ಹೋಯಿತು ಎಂದು ಬಿಡಬೇಕಾಗಿಲ್ಲ. ಮೊದಲು ಕೊರಿಯರ್‌ನವರಿಂದ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ ಪಡೆಯಿರಿ. ಅವರ ಸ್ವಂತ ಬಿಲ್ ಸಾಲದು. ಡ್ಯೂಟಿಯ ಲೆಕ್ಕದ ವಿರುದ್ಧ ಕಸ್ಟಮ್ಸ್‌ನ ಅಪೀಲು ಕಮಿಷನರ್ ಬಳಿ ಹೋಗಲು ಆದೇಶ ತಿಳಿದ ದಿನದಿಂದ 60 ದಿನ ಸಮಯ. ರೀಫಂಡ್ ಅರ್ಜಿ ಹಾಕುತ್ತೇನೆ ಎಂದು ನೇರವಾಗಿ ಹೊರಟರೆ ವಾಪಸ್ ಕಳಿಸುತ್ತಾರೆ. ಮೂಲ ಲೆಕ್ಕವನ್ನೇ ಮೊದಲು ಬದಲಾಯಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಐಟಿಸಿ ಪ್ರಕರಣದಲ್ಲಿ ಹೇಳಿದೆ. ಶಿಪ್ಪಿಂಗ್ ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದ್ದವರು ಅಪೀಲಿಗೆ ಧೈರ್ಯವಾಗಿ ಹೋಗಬಹುದು. ಇಲ್ಲದವರು ಏಜೆಂಟ್ ಅಥವಾ ವಕೀಲರ ಫೀಸನ್ನೂ ವಾಪಸ್ ಬರಬಹುದಾದ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸೆಟ್ ಮನೆಗೆ ಬಂದ ಮೇಲೆ ಪ್ಲಗ್ ಹಾಕುವ ಮುಂಚೆ ಹಿಂಭಾಗದ ವೋಲ್ಟೇಜ್ ಸ್ವಿಚ್ ನೋಡಿ. ನಮ್ಮದು 230 ವೋಲ್ಟ್, ಅಮೆರಿಕದ್ದು 120, ಜಪಾನಿನದ್ದು 100. ಅಲ್ಲಿ ಪರೀಕ್ಷೆ ಮಾಡಲು ತಿರುಗಿಸಿದ ಸ್ವಿಚ್ಚನ್ನು ವಾಪಸ್ ತಿರುಗಿಸಲು ಮರೆತಿರಬಹುದು. ಹಾಗೇ ಆನ್ ಮಾಡಿದರೆ ಫ್ಯೂಸ್ ಹೋಗುತ್ತದೆ, ಅದೃಷ್ಟ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ರೇ ಹೋಗುತ್ತದೆ.